ಸಂವತ್ಸರಕ್ಕೊಂದು ಸ್ವಭಾವ ಉಂಟೆ?

ಯುಗಾದಿಯಂದು ಬೇವು-ಬೆಲ್ಲ ಸೇವಿಸಿದ ಬಳಿಕ ದೇವಾಲಯದಲ್ಲಿಯೋ ಮನೆಯಲ್ಲಿಯೋ ನಡೆಯುವ ಪಂಚಾಂಗ ಶ್ರವಣವು, ಅಂದರೆ ಹೊಸ ವರ್ಷದ ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದು ಅಂಗಗಳ ಜೊತೆಗೆ ಆ ವರ್ಷದ ಫಲವನ್ನೂ ಓದಿಸಿ ಕೇಳುವ ಆಚರಣೆಯು, ಒಂದು ದೊಡ್ಡ ತಾತ್ತ್ವಿಕ ಪ್ರಶ್ನೆಯನ್ನು ಒಳಗೊಂಡಿದೆ. ಇನ್ನೂ ಬಾರದಿರುವ ಕಾಲಕ್ಕೆ ಒಳ್ಳೆಯದು, ಕೆಟ್ಟದು ಎಂಬ ಗುಣವನ್ನು ಮುಂಗಡವಾಗಿ ಹೇಳಬಹುದಾದರೆ ಆ ಗುಣ ನೆಲೆಸಿರುವುದು ಕಾಲದಲ್ಲಿಯೋ, ಗ್ರಹಗಳಲ್ಲಿಯೋ, ಜನರ ಕರ್ಮದಲ್ಲಿಯೋ, ಅಥವಾ ಕೇಳುವವರ ಮನಸ್ಸಿನಲ್ಲಿಯೋ ಎಂಬುದೇ ಆ ಪ್ರಶ್ನೆ. 2026ರ ಮಾರ್ಚ್ 19ರಿಂದ 2027ರ ಏಪ್ರಿಲ್ 6ರವರೆಗೆ ಹಬ್ಬುವ ಪರಾಭವ ಸಂವತ್ಸರವು ಇದನ್ನು ವಿಚಾರಿಸಲು ತಕ್ಕ ನಿದರ್ಶನ. ಅದರ ಹೆಸರಿನ ಅರ್ಥ ಸೋಲು. ಅದರ ರಾಜ ಶುಭಗ್ರಹವೆನಿಸಿದ ಗುರು, ಮಂತ್ರಿ ಉಗ್ರನೆನಿಸಿದ ಕುಜ. ಒಂದು ಅಧಿಕ ಮಾಸ ಸೇರಿ ಅದಕ್ಕೆ ಹದಿಮೂರು ತಿಂಗಳು, ಒಟ್ಟು 384 ದಿನ. ವರ್ಷಫಲದ ಎಲ್ಲ ಸಂಕೇತಗಳೂ, ಎಲ್ಲ ತೊಡಕುಗಳೂ ಇದೊಂದರಲ್ಲಿಯೇ ಕಾಣಸಿಗುತ್ತವೆ.

ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳ ಚಕ್ರಕ್ಕೆ ಮೂಲ ಗುರುಗ್ರಹದ ಚಲನೆ. ರಾಶಿಚಕ್ರವನ್ನು ಒಮ್ಮೆ ಸುತ್ತಿಬರಲು ಗುರುವಿಗೆ ಸುಮಾರು 11.86 ವರ್ಷವೂ ಶನಿಗೆ ಸುಮಾರು 29.46 ವರ್ಷವೂ ಬೇಕಾಗುವುದರಿಂದ, ಅರವತ್ತು ವರ್ಷಗಳ ಅವಧಿಯಲ್ಲಿ ಗುರುವಿನ ಐದು ಸುತ್ತುಗಳೂ ಶನಿಯ ಎರಡು ಸುತ್ತುಗಳೂ ಹೆಚ್ಚುಕಡಿಮೆ ಒಟ್ಟಿಗೆ ಮುಗಿದು, ಈ ಎರಡು ಮಂದಗತಿಯ ಗ್ರಹಗಳು ಆಕಾಶದ ಬಹುತೇಕ ಅದೇ ಭಾಗಕ್ಕೆ ಮರಳುತ್ತವೆ. ಹಳೆಯ ಬಾರ್ಹಸ್ಪತ್ಯಮಾನದ ಪ್ರಕಾರ ಗುರು ತನ್ನ ಮಧ್ಯಮ ಗತಿಯಿಂದ ಒಂದು ರಾಶಿಯನ್ನು ದಾಟುವ ಸುಮಾರು 361 ದಿನಗಳ ಅವಧಿಯೇ ಒಂದು ಸಂವತ್ಸರ. ಅದು ಸೌರವರ್ಷಕ್ಕಿಂತ ನಾಲ್ಕು ದಿನ ಚಿಕ್ಕದಾದ್ದರಿಂದ ಸುಮಾರು 85 ವರ್ಷಗಳಿಗೊಮ್ಮೆ ಒಂದು ಹೆಸರನ್ನು ಲೆಕ್ಕದಿಂದ ಬಿಟ್ಟು ಮುಂದೆ ಹೋಗಬೇಕಾಗುತ್ತದೆ, ಅದನ್ನು ಕ್ಷಯ ಸಂವತ್ಸರವೆನ್ನುತ್ತಾರೆ. ಬಾದಾಮಿ ಚಾಲುಕ್ಯ ಮಂಗಳೇಶನ ಮಹಾಕೂಟ ಸ್ತಂಭ ಶಾಸನದಲ್ಲಿ, 7ನೆಯ ಶತಮಾನದ ಆರಂಭದಲ್ಲಿಯೇ, ಸಿದ್ಧಾರ್ಥ ಸಂವತ್ಸರದ ಉಲ್ಲೇಖವಿರುವುದು ಈ ಗಣನೆ ಕನ್ನಡ ನಾಡಿನಲ್ಲಿ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ. ಸುಮಾರು 10ನೆಯ ಶತಮಾನದಿಂದೀಚೆಗೆ ದಕ್ಷಿಣದವರು ಹೆಸರನ್ನು ಬಿಡುವ ಪದ್ಧತಿಯನ್ನೇ ಕೈಬಿಟ್ಟು, ಗುರುವಿನ ನಿಜಸ್ಥಾನವನ್ನು ನೋಡದೆ, ವರ್ಷಕ್ಕೊಂದರಂತೆ ಹೆಸರುಗಳನ್ನು ಸಾಲಾಗಿ ಎಣಿಸುತ್ತ ಬಂದರು. ಉತ್ತರದವರು ಹಳೆಯ ಗಣನೆಯನ್ನು ಉಳಿಸಿಕೊಂಡರು. ಇದರ ಪರಿಣಾಮವಾಗಿ ದಕ್ಷಿಣದಲ್ಲಿ ನಲವತ್ತನೆಯದಾದ ಪರಾಭವವು ಆರಂಭವಾಗುವ ದಿನವೇ ಉತ್ತರದ ಪಂಚಾಂಗಗಳಲ್ಲಿ ಐವತ್ತನಾಲ್ಕನೆಯದಾದ ರೌದ್ರ ಸಂವತ್ಸರ ಕಾಣಿಸುತ್ತದೆ. ಹೆಸರಿನಲ್ಲಿಯೇ ಫಲವಿರುವುದಾದರೆ ನರ್ಮದೆಯ ಒಂದು ದಡದವರಿಗೆ ಸೋಲನ್ನೂ ಇನ್ನೊಂದು ದಡದವರಿಗೆ ಉಗ್ರತೆಯನ್ನೂ ಒಂದೇ ಸೂರ್ಯೋದಯವು ಹಂಚುತ್ತದೆಂದು ಒಪ್ಪಬೇಕಾಗುತ್ತದೆ, ಮತ್ತು ದಕ್ಷಿಣದ ಹೆಸರಿಗೆ ಆಕಾಶದೊಡನೆ ಇದ್ದ ಸಂಬಂಧ ಸಾವಿರ ವರ್ಷಗಳ ಹಿಂದೆಯೇ ಕಡಿದುಹೋಗಿದೆ ಎಂಬುದನ್ನು ಮರೆಯಬೇಕಾಗುತ್ತದೆ.

ಹೆಸರಿಗೂ ಘಟನೆಗೂ ನಂಟನ್ನು ಕಲ್ಪಿಸುವ ಚಪಲ ಮಾತ್ರ ಇಂದಿಗೂ ಬತ್ತಿಲ್ಲ. ಚೀನಾದ ವುಹಾನ್‌ನಲ್ಲಿ ಕೊರೊನಾ ಸೋಂಕು ಕಾಣಿಸಿಕೊಂಡದ್ದು ವಿಕಾರಿ ಸಂವತ್ಸರದಲ್ಲಿ ಎಂದು ಬೆರಗಿನಿಂದ ಹೇಳಿದವರು ಅನೇಕರು. ಆದರೆ ಅರವತ್ತು ವರ್ಷಗಳ ಚಕ್ರವೇ ತನ್ನ ಪರೀಕ್ಷೆಯನ್ನೂ ತಾನೇ ಒದಗಿಸುತ್ತದೆ, ಏಕೆಂದರೆ ಅದರಲ್ಲಿ ಒಂದು ಹೆಸರು ಮತ್ತೆ ಮತ್ತೆ ಬರುತ್ತದೆ. ವಿಕಾರ ಮುಖವುಳ್ಳದ್ದು ಎಂಬ ಅರ್ಥದ ದುರ್ಮುಖಿ ಸಂವತ್ಸರ 1896ರಲ್ಲಿ ಬಂದಾಗ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡು, ದೇಶದ ಹಲವೆಡೆ ಬರಗಾಲವೂ ಬಿದ್ದು, ಹೆಸರು ಸಾರ್ಥಕವಾಯಿತೆಂದು ಯಾರಿಗಾದರೂ ತೋರಿದ್ದರೆ ಆಶ್ಚರ್ಯವಿಲ್ಲ. ಅದೇ ದುರ್ಮುಖಿ ಮರಳಿ ಬಂದದ್ದು 1956ರಲ್ಲಿ. ಆ ವರ್ಷದ ನವೆಂಬರ್ 1ರಂದು ಮುಂಬಯಿ, ಹೈದರಾಬಾದು, ಮದರಾಸು ಪ್ರಾಂತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳೂ ಕೊಡಗೂ ಮೈಸೂರಿನೊಡನೆ ಒಂದಾದವು. ಕರ್ನಾಟಕದ ಏಕೀಕರಣಕ್ಕಿಂತ ಸುಮುಖವಾದ ವರ್ಷವನ್ನು ಕನ್ನಡಿಗರು 20ನೆಯ ಶತಮಾನದಲ್ಲಿ ತೋರಿಸುವುದು ಕಷ್ಟ. 1947ರ ಸರ್ವಜಿತ್ ಸಂವತ್ಸರವಂತೂ ಸ್ವಾತಂತ್ರ್ಯವನ್ನೂ ದೇಶವಿಭಜನೆಯ ರಕ್ತಪಾತವನ್ನೂ ಒಂದೇ ಹೆಸರಿನಡಿ ತಂದಿತು.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು 1876-78ರ ಮಹಾಕ್ಷಾಮ. ಹಳೆ ಮೈಸೂರಿನ ನೆನಪಿನಲ್ಲಿ ಅದು ಧಾತು-ಈಶ್ವರದ ಬರವೆಂದೇ ಉಳಿದಿದೆ, ಏಕೆಂದರೆ ಅದು ವ್ಯಾಪಿಸಿದ ಎರಡು ಸಂವತ್ಸರಗಳು ಧಾತು ಮತ್ತು ಈಶ್ವರ. ಒಂದು ಸೃಷ್ಟಿಸಿ ಪೊರೆಯುವವನ ಹೆಸರು, ಇನ್ನೊಂದು ಜಗದೊಡೆಯನ ಹೆಸರು. ಹೆಸರಿನಿಂದ ಫಲ ಹೇಳುವವರು ಆ ಎರಡು ವರ್ಷಗಳಿಗೆ ಸುಭಿಕ್ಷವನ್ನಲ್ಲದೆ ಬೇರೇನನ್ನೂ ಹೇಳಲಾರರು. ಮೈಸೂರು ಸಂಸ್ಥಾನ ಮಾತ್ರ ತನ್ನ ಜನಸಂಖ್ಯೆಯ ಸುಮಾರು ಐದರಲ್ಲಿ ಒಂದು ಪಾಲನ್ನು ಕಳೆದುಕೊಂಡಿತು. ಇಲ್ಲಿ ಹೆಸರು ಘಟನೆಗೆ ಅರ್ಥ ಕೊಡಲಿಲ್ಲ, ಘಟನೆಯೇ ಹೆಸರಿಗೆ ಹೊಸ ಅರ್ಥವನ್ನು ಬರೆಯಿತು, ಮತ್ತು ಮುಂದಿನ ಎರಡು ಮೂರು ತಲೆಮಾರಿಗೆ ಧಾತು ಎಂದರೆ ಹಸಿವೆಂದಾಯಿತು. ಆ ಕ್ಷಾಮದ ಇನ್ನೊಂದು ಫಲವನ್ನೂ ಇಲ್ಲಿ ನೆನೆಯಬೇಕು. 1875ರಲ್ಲಷ್ಟೇ ಸ್ಥಾಪನೆಗೊಂಡಿದ್ದ ಭಾರತದ ಹವಾಮಾನ ಇಲಾಖೆಯ ಮೇಲೆ, ಮುಂಗಾರಿನ ಗತಿಯನ್ನು ಮೊದಲೇ ತಿಳಿಸಬೇಕೆಂಬ ಹೊಣೆ ಬಿದ್ದದ್ದು ಈ ಬರದಿಂದಾಗಿ. ಅದರ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫರ್ಡ್ ಹಿಮಾಲಯದ ಹಿಮದ ಪ್ರಮಾಣವನ್ನು ಆಧರಿಸಿ 1886ರಲ್ಲಿ ಮೊದಲ ಅಧಿಕೃತ ಮುಂಗಾರು ಮುನ್ಸೂಚನೆಯನ್ನು ಹೊರಡಿಸಿದನು.

ಹೆಸರನ್ನು ಬಿಟ್ಟು ನವನಾಯಕರ ಕಡೆಗೆ ತಿರುಗಿದರೆ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ವರ್ಷದ ರಾಜ, ಮಂತ್ರಿ, ಸೇನಾಧಿಪತಿ, ಸಸ್ಯಾಧಿಪತಿ, ಧಾನ್ಯಾಧಿಪತಿ, ಬೆಲೆಗಳ ಒಡೆಯನಾದ ಅರ್ಘಾಧಿಪತಿ, ಮೇಘಾಧಿಪತಿ, ರಸಾಧಿಪತಿ, ನೀರಸಾಧಿಪತಿ ಎಂಬ ಒಂಬತ್ತು ಅಧಿಕಾರಗಳನ್ನು ಗ್ರಹಗಳಿಗೆ ಹಂಚುವುದು ವಾರಗಳ ಆಧಾರದಿಂದ. ಚೈತ್ರ ಶುಕ್ಲ ಪ್ರತಿಪದೆಯ ವಾರದ ಒಡೆಯ ರಾಜ, ಸೂರ್ಯನು ಮೇಷ ರಾಶಿಯನ್ನು ಪ್ರವೇಶಿಸುವ ದಿನದ ಒಡೆಯ ಮಂತ್ರಿ, ಆರ್ದ್ರಾ ನಕ್ಷತ್ರವನ್ನು ಪ್ರವೇಶಿಸುವ ದಿನದ ಒಡೆಯ ಮೇಘಾಧಿಪತಿ. ಉಳಿದವುಗಳಿಗೂ ಇಂಥದೇ ಸಂಕ್ರಾಂತಿಗಳು ಗೊತ್ತಾಗಿವೆ. 2026ರ ಯುಗಾದಿ ಗುರುವಾರ, ಏಪ್ರಿಲ್ 14ರ ಮೇಷ ಸಂಕ್ರಮಣ ಮಂಗಳವಾರ, ಆದ್ದರಿಂದ ಗುರು ರಾಜ, ಕುಜ ಮಂತ್ರಿ. ಆದರೆ ಏಳು ದಿನಗಳ ವಾರವು ಆಕಾಶದ ಯಾವ ಚಲನೆಯನ್ನೂ ಅನುಸರಿಸುವುದಿಲ್ಲ. ಅದು ಗ್ರಹಗಳ ಹೆಸರನ್ನು ಹೊತ್ತ, ಮನುಷ್ಯರು ಎಡೆಬಿಡದೆ ನಡೆಸಿಕೊಂಡು ಬಂದ ಎಣಿಕೆ. ವೇದಾಂಗ ಜ್ಯೋತಿಷದಲ್ಲಿ ವಾರಗಳ ಸುಳಿವಿಲ್ಲ. ಭಾರತದ ಶಾಸನಗಳಲ್ಲಿ ವಾರದ ಹೆಸರು ಮೊದಲು ಖಚಿತವಾಗಿ ಕಾಣಿಸುವುದು ಮಧ್ಯಪ್ರದೇಶದ ಏರಣ್‌ನಲ್ಲಿರುವ ಬುಧಗುಪ್ತನ ಕಾಲದ, ಕ್ರಿ.ಶ. 484ರ ಸ್ತಂಭ ಶಾಸನದಲ್ಲಿ, ಅದೂ ಕಾಕತಾಳೀಯವೆಂಬಂತೆ ಗುರುವಾರವೇ.

ಪರಾಭವದ ರಾಜಪಟ್ಟದಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. 2026ರ ಮಾರ್ಚ್ 19ರ ಸೂರ್ಯೋದಯದ ವೇಳೆಗೆ ಕರ್ನಾಟಕದಲ್ಲಿ ಅಮಾವಾಸ್ಯೆ ಇನ್ನೂ ಮುಗಿದಿರುವುದಿಲ್ಲ. ಬೆಳಗ್ಗೆ ಸುಮಾರು 6 ಗಂಟೆ 53 ನಿಮಿಷಕ್ಕೆ ಆರಂಭವಾಗುವ ಪ್ರತಿಪದೆ ಮರುದಿನದ ಸೂರ್ಯೋದಯಕ್ಕೆ ಮುಂಚೆಯೇ ತೀರಿಹೋಗುತ್ತದೆ. ಯಾವ ಸೂರ್ಯೋದಯವನ್ನೂ ಮುಟ್ಟದ ಇಂಥ ತಿಥಿಯನ್ನು ಕ್ಷಯತಿಥಿ ಎನ್ನುವರು, ಮತ್ತು ಹಾಗಾದಾಗ ಅಮಾವಾಸ್ಯೆ ಬೆರೆತ ದಿನದಂದೇ ಹಬ್ಬವನ್ನು ಆಚರಿಸಬೇಕೆಂಬುದು ಧರ್ಮಶಾಸ್ತ್ರದ ನಿರ್ಣಯ. ನಿರ್ಣಯಕಾರರು ಮರುದಿನವನ್ನು ಆರಿಸಿದ್ದರೆ ರಾಜಪಟ್ಟ ಶುಕ್ರನಿಗೆ ಸಲ್ಲುತ್ತಿತ್ತು. ಗುರುವನ್ನು ಸಿಂಹಾಸನದ ಮೇಲೆ ಕೂರಿಸಿದ್ದು ಆಕಾಶವಲ್ಲ, ಒಂದು ನ್ಯಾಯ್ಯವಾದ, ಒಪ್ಪಿಗೆಯಾದ ನಿಯಮ. ಗ್ರಹಸ್ಥಿತಿಯ ಮಾತಿಗೂ ಇಂಥದೇ ಮಿತಿಯಿದೆ. ಸ್ಥಿರನಕ್ಷತ್ರಗಳನ್ನು ಆಧಾರವಾಗಿಟ್ಟುಕೊಳ್ಳುವ ನಮ್ಮ ನಿರಯನ ಪದ್ಧತಿಯಲ್ಲಿ ಪರಾಭವದುದ್ದಕ್ಕೂ ಶನಿ ಮೀನದಲ್ಲಿರುತ್ತಾನೆ, ಗುರು 2026ರ ಜೂನ್ ಆರಂಭದಲ್ಲಿ ತನ್ನ ಉಚ್ಚರಾಶಿಯಾದ, ಅಂದರೆ ಅತ್ಯಂತ ಬಲಶಾಲಿಯಾಗುತ್ತಾನೆಂದು ಹೇಳುವ ಕರ್ಕಾಟಕಕ್ಕೆ ಬರುತ್ತಾನೆ. ವಿಷುವಬಿಂದುವಿನಿಂದ ಎಣಿಸುವ ಪಾಶ್ಚಾತ್ಯರ ಸಾಯನ ಪದ್ಧತಿಯಲ್ಲಾದರೋ ಅದೇ ಶನಿ ಆ ವೇಳೆಗೆ ಮೇಷದಲ್ಲಿದ್ದಾನೆ, ಗುರು ಜೂನ್ ಮುಗಿಯುವಷ್ಟರಲ್ಲಿ ಕರ್ಕಾಟಕವನ್ನು ಬಿಟ್ಟು ಸಿಂಹಕ್ಕೆ ಸಾಗುತ್ತಾನೆ. ಎರಡಕ್ಕೂ ನಡುವಣ ಅಂತರ, ಅಂದರೆ ಅಯನಾಂಶ, ಸುಮಾರು 24 ಅಂಶ. ಗ್ರಹ ಒಂದೇ, ಹೊತ್ತೂ ಒಂದೇ.

ಇಷ್ಟರಿಂದ ವರ್ಷಫಲವೆಲ್ಲ ಹುಸಿಯೆಂದು ಕೈತೊಳೆದುಕೊಳ್ಳುವುದು ಸುಲಭ, ಆದರೆ ಅದು ಸಂಪ್ರದಾಯದ ತಿರುಳನ್ನು ನೋಡದೆ ಕೊಡುವ ತೀರ್ಪಾಗುತ್ತದೆ. ಜ್ಯೋತಿಷಕ್ಕೆ ಮೂರು ಸ್ಕಂಧಗಳು. ಗ್ರಹಗತಿಯ ಲೆಕ್ಕ ಸಿದ್ಧಾಂತ, ವ್ಯಕ್ತಿಯ ಜಾತಕ ಹೋರಾ, ಮಳೆ, ಬೆಳೆ, ಬೆಲೆ, ರೋಗ, ರಾಜ್ಯಗಳಂಥ ಸಮೂಹದ ವಿಷಯಗಳನ್ನು ಹೇಳುವುದು ಸಂಹಿತಾ. ವರ್ಷಫಲ ಹುಟ್ಟಿದ್ದು ಸಂಹಿತಾ ಸ್ಕಂಧದಲ್ಲಿ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗುರುಚಾರವನ್ನೂ ಸಂವತ್ಸರಗಳ ಫಲವನ್ನೂ ಹೇಳುವ ಅಧ್ಯಾಯದ ಜೊತೆಗೇ, ಮೋಡಗಳ ಗರ್ಭಧಾರಣೆಯನ್ನು ನೋಡಿ 195 ದಿನಗಳ ಬಳಿಕ ಮಳೆಯಾಗುವುದನ್ನು ಊಹಿಸುವ ಅಧ್ಯಾಯವೂ, ಗ್ರಹಣಕ್ಕೆ ಕಾರಣ ನೆರಳೆಂದು ವಾದಿಸುವ ಭಾಗವೂ ಇವೆ. ಕನ್ನಡದಲ್ಲಿ ಈ ಧಾರೆ ಬಹು ಬೇಗ ಹರಿಯಿತು. 11ನೆಯ ಶತಮಾನದ ಚಾವುಂಡರಾಯನ ಲೋಕೋಪಕಾರ ಪಂಚಾಂಗ, ಮಳೆ, ಅಂತರ್ಜಲ, ವೈದ್ಯ, ಅಡುಗೆಗಳನ್ನು ಒಂದೇ ಗ್ರಂಥದಲ್ಲಿ ತಂದಿತು. 1049ರಲ್ಲಿ ಶ್ರೀಧರಾಚಾರ್ಯ ಜಾತಕತಿಲಕವನ್ನು ರಚಿಸಿದನು. ಅರ್ಹದ್ದಾಸನ ರಟ್ಟಮತ ಮಳೆ ಮತ್ತು ಶಕುನಗಳನ್ನೇ ವಸ್ತುವಾಗಿ ಮಾಡಿಕೊಂಡಿತು. ಭರಣಿ ಮಳೆಯಿಂದ ಧರಣಿಯೆಲ್ಲ ಬೆಳೆಯೆಂಬ, ಸ್ವಾತಿ ಮಳೆ ಮುತ್ತಿನಂಥದೆಂಬ ರೈತರ ಗಾದೆಗಳೂ ಇದೇ ಕುಲದವು, ಮತ್ತು ಅವು ನಿಂತಿರುವುದು ಸೂರ್ಯನ ನಿಜವಾದ ಸ್ಥಾನದ ಮೇಲೆ, ತಲೆಮಾರುಗಳ ಅನುಭವದ ಮೇಲೆ.

ಕಾಲಕ್ಕೆ ಸ್ವಂತ ಗುಣವುಂಟೆ ಎಂಬ ಮೂಲಪ್ರಶ್ನೆಗೆ ದಾರ್ಶನಿಕರು ಕೊಟ್ಟ ಉತ್ತರ ಫಲಜ್ಯೋತಿಷ್ಯಕ್ಕೆ ಅನುಕೂಲವಾಗಿಲ್ಲ. ಅಥರ್ವವೇದದ ಕಾಲಸೂಕ್ತಗಳು ಕಾಲವನ್ನು ಸಕಲಕ್ಕೂ ಮೂಲವೆಂದು ಕೊಂಡಾಡುತ್ತವೆ, ನಿಜ. ಆದರೆ ಶ್ವೇತಾಶ್ವತರ ಉಪನಿಷತ್ತು ಜಗತ್ತಿಗೆ ಕಾಲ ಕಾರಣವೋ, ಸ್ವಭಾವವೋ, ನಿಯತಿಯೋ, ಆಕಸ್ಮಿಕವೋ ಎಂದು ವಿಚಾರಿಸಿ, ಕಾಲವೂ ಸೇರಿದಂತೆ ಆ ಎಲ್ಲ ಕಾರಣಗಳನ್ನು ಆಳುವ ಬೇರೊಂದು ಶಕ್ತಿಯ ಕಡೆಗೆ ಬೊಟ್ಟು ಮಾಡುತ್ತದೆ. ವೈಶೇಷಿಕರ ಮತದಲ್ಲಿ ಕಾಲವು ಒಂದೇ ಆದ, ನಿತ್ಯವಾದ, ಎಲ್ಲೆಡೆ ವ್ಯಾಪಿಸಿದ ದ್ರವ್ಯ. ದಿನ, ಮಾಸ, ವರ್ಷವೆಂಬ ಭಾಗಗಳು ಸೂರ್ಯನ ಚಲನೆಯಂಥ ಉಪಾಧಿಗಳಿಂದ, ಅಂದರೆ ಹೊರಗಿನಿಂದ ಹತ್ತಿದ ಗುರುತುಗಳಿಂದ, ತೋರುವಂಥವು. ಅಂಥ ಕಾಲದ ಒಂದು ತುಣುಕು ಸ್ವತಃ ಸೌಮ್ಯವೋ ಕ್ರೂರವೋ ಆಗುವುದಕ್ಕೆ ಅವಕಾಶವಿಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನು ಧರ್ಮರಾಯನಿಗೆ ಹೇಳುವ ರಾಜಧರ್ಮದ ಸಾರವೂ ಇತ್ತಲೇ ವಾಲುತ್ತದೆ. ಕೃತಯುಗವೋ ಕಲಿಯುಗವೋ ಎಂಬುದನ್ನು ದಂಡನೀತಿಯನ್ನು ನಡೆಸುವ ಅರಸನೇ ನಿರ್ಧರಿಸುತ್ತಾನೆಂಬುದು ಅಲ್ಲಿನ ನಿಲುವು. ಯೋಗವಾಸಿಷ್ಠವು ದೈವವೆಂಬುದು ಹಿಂದಿನ ಪೌರುಷಕ್ಕಿಟ್ಟ ಇನ್ನೊಂದು ಹೆಸರೆನ್ನುತ್ತದೆ. 12ನೆಯ ಶತಮಾನದಲ್ಲಿ ಬಸವಣ್ಣನವರು ಮುಹೂರ್ತದ ಹಂಗನ್ನೇ ತಳ್ಳಿಹಾಕಿ, ಶರಣರು ಕೇಳಿದ ಗಳಿಗೆಯೇ ಶುಭವೆಂಬ ನಿಲುವನ್ನು ತಳೆದರು. ದರ್ಶನಕಾರರು ತರ್ಕದಿಂದ ತಲುಪಿದ ಜಾಗಕ್ಕೆ ಅವರು ಭಕ್ತಿಯ ನೇರ ದಾರಿಯಿಂದ ಬಂದರು.

ಉಳಿಯುವುದು ಕರ್ಮದ ಪ್ರಶ್ನೆ, ಮತ್ತು ಅದೇ ನಿಜಕ್ಕೂ ಕಠಿಣವಾದದ್ದು. ಗ್ರಹಗಳು ಫಲವನ್ನು ಉಂಟುಮಾಡುವುದಿಲ್ಲ, ಕರ್ಮದಿಂದ ಬರಲಿರುವುದನ್ನು ಸೂಚಿಸುತ್ತವೆ ಎಂಬುದು ಸಂಪ್ರದಾಯದ ಸಾಮಾನ್ಯ ಸಮರ್ಥನೆ. ಆದರೆ ಕರ್ಮ ಒಬ್ಬೊಬ್ಬನಿಗೆ ಸೇರಿದ್ದು. ಮಳೆ ಬಾರದಿದ್ದರೆ ಊರಿನ ಪುಣ್ಯವಂತನ ಹೊಲವೂ ಪಾಪಿಯ ಹೊಲವೂ ಒಂದೇ ಸಮನೆ ಒಣಗುತ್ತವೆ. ವರಾಹಮಿಹಿರನು ಉತ್ಪಾತಗಳನ್ನು, ಅಂದರೆ ಪ್ರಕೃತಿಯ ಅಪಶಕುನಗಳನ್ನು, ಕುರಿತು ಹೇಳುವಾಗ ಜನರ ಅಪಚಾರಗಳು ಕೂಡಿ ಅವು ಹುಟ್ಟುತ್ತವೆಂದು ವಿವರಿಸುತ್ತಾನೆ, ಅಂದರೆ ಸಮಷ್ಟಿಕರ್ಮವೆಂಬ ಒಂದು ಕಲ್ಪನೆ ಅಲ್ಲಿ ಕೆಲಸ ಮಾಡುತ್ತಿದೆ. ಜಾತಕದ ತರ್ಕದಿಂದ ಇದನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಆದರೆ ಕೆರೆಯ ಹೂಳನ್ನು ಎತ್ತದ ಊರು ಬರದಲ್ಲಿ ಒಟ್ಟಾಗಿ ಬಾಯಾರುತ್ತದೆ, ಕಾಡನ್ನು ಕಡಿದವನ ತಪ್ಪಿಗೆ ಕಡಿಯದವನ ಮನೆಯೂ ಗುಡ್ಡದ ಮಣ್ಣಿನಡಿ ಸೇರುತ್ತದೆ ಎಂಬ ಅರ್ಥದಲ್ಲಿ ಸಮಷ್ಟಿಕರ್ಮವು ನಂಬಿಕೆಯ ಮಾತಾಗಿ ಉಳಿಯದೆ ಕಣ್ಣಿಗೆ ಕಾಣುವ ಸಂಗತಿಯಾಗುತ್ತದೆ. ಸಂಹಿತೆಯು ಉತ್ಪಾತದ ಬಳಿಕ ಶಾಂತಿಯನ್ನು ವಿಧಿಸುವುದೂ ಗಮನಾರ್ಹ. ಫಲ ತಪ್ಪಿಸಲಾಗದ್ದಾಗಿದ್ದರೆ ಶಾಂತಿಗೆ ಅರ್ಥವೇ ಇರುತ್ತಿರಲಿಲ್ಲ. ಹೀಗಾಗಿ ಸಂಪ್ರದಾಯದ ಒಳಗೇ ವರ್ಷಫಲವು ಭವಿಷ್ಯದ ವರದಿಗಿಂತ ಹೆಚ್ಚಾಗಿ ಕರ್ತವ್ಯದ ಸೂಚನೆಯಾಗಿದೆ. ಲಗಧನ ವೇದಾಂಗ ಜ್ಯೋತಿಷ ಹುಟ್ಟಿದ್ದೂ ಯಜ್ಞಗಳಿಗೆ ಕಾಲವನ್ನು ಗೊತ್ತುಪಡಿಸಲು; ಯಾವಾಗ ಏನನ್ನು ಮಾಡಬೇಕು ಎಂಬುದು ಅದರ ಪ್ರಶ್ನೆ, ಏನಾಗುತ್ತದೆ ಎಂಬುದು ಅದರ ಪ್ರಶ್ನೆಯಲ್ಲ. ಸಂಕಲ್ಪದಲ್ಲಿ ಇಂದಿಗೂ ಅದೇ ಮನೋಧರ್ಮ ಉಳಿದಿದೆ: ಮದುವೆ, ಉಪನಯನ, ಗೃಹಪ್ರವೇಶ ಯಾವುದೇ ಇರಲಿ, ಕರ್ತೃವು ಸಂವತ್ಸರದ ಹೆಸರನ್ನು ಉಚ್ಚರಿಸಿಯೇ ಕರ್ಮವನ್ನು ಆರಂಭಿಸುತ್ತಾನೆ, ಮತ್ತು ಪರಾಭವವೆಂಬ ಹೆಸರು ಬಾಯಲ್ಲಿ ಬರುತ್ತದೆಂದು ಯಾರೂ ಮದುವೆಯನ್ನು ಮುಂದೂಡುವುದಿಲ್ಲ.

ಲೆಕ್ಕದ ಹಂಗಿಲ್ಲದ ವರ್ಷಭವಿಷ್ಯವೂ ಕರ್ನಾಟಕದಲ್ಲಿದೆ. ವಿಜಯನಗರ ಜಿಲ್ಲೆಯ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ, ನೆರೆದ ಲಕ್ಷಾಂತರ ಜನ ಮೌನವಾದಾಗ ಒಂದೇ ಒಂದು ಸಾಲನ್ನು ನುಡಿಯುತ್ತಾನೆ, ಅದನ್ನು ಕಾರ್ಣಿಕವೆನ್ನುತ್ತಾರೆ. ನುಡಿ ಚಿಕ್ಕದು, ಒಗಟಿನಂಥದು. ರೈತರು ಅದರಲ್ಲಿ ಮಳೆಯನ್ನೂ ವರ್ತಕರು ಧಾರಣೆಯನ್ನೂ ರಾಜಕಾರಣಿಗಳು ಕುರ್ಚಿಯನ್ನೂ ಕಾಣುತ್ತಾರೆ. ಪಂಚಾಂಗದ ಫಲಶ್ಲೋಕಕ್ಕಿಂತ ಕಾರ್ಣಿಕ ಒಂದು ದೃಷ್ಟಿಯಿಂದ ಹೆಚ್ಚು ಪ್ರಾಮಾಣಿಕ, ಏಕೆಂದರೆ ಅದು ತಾನು ಗಣಿತವೆಂದು ಹೇಳಿಕೊಳ್ಳುವುದಿಲ್ಲ. ಅರ್ಥವನ್ನು ತುಂಬುವ ಹೊಣೆ ಕೇಳುವವರದೆಂದು ಎಲ್ಲರಿಗೂ ಗೊತ್ತು.

ಪರಾಭವ ಸಂವತ್ಸರದ ಅತ್ಯಂತ ಅರ್ಥಪೂರ್ಣ ಸಂಕೇತವಿರುವುದು ಅದರ ಹೆಸರಿನಲ್ಲಿಯೂ ಅಲ್ಲ, ರಾಜನಲ್ಲಿಯೂ ಅಲ್ಲ, ಅಧಿಕ ಮಾಸದಲ್ಲಿ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ, ಸೌರವರ್ಷಕ್ಕೆ 365. ವರ್ಷಕ್ಕೆ ಹನ್ನೊಂದರಂತೆ ಬೆಳೆಯುವ ಈ ಅಂತರವನ್ನು 32-33 ತಿಂಗಳಿಗೊಮ್ಮೆ ಒಂದು ತಿಂಗಳನ್ನು ಸೇರಿಸಿ ತುಂಬುತ್ತಾರೆ. ಸಂಕ್ರಾಂತಿಯಿಲ್ಲದ ಚಾಂದ್ರಮಾಸವೇ ಅಧಿಕ. 2026ರ ಮೇ 15ರಂದು ಸೂರ್ಯ ವೃಷಭವನ್ನು ಸೇರುತ್ತಾನೆ. ಮೇ 17ರಂದು ಆರಂಭವಾಗುವ ಜ್ಯೇಷ್ಠವು ಜೂನ್ 15ರ ಬೆಳಗ್ಗೆ ಅಮಾವಾಸ್ಯೆಯೊಂದಿಗೆ ಮುಗಿದ ಕೆಲವೇ ಗಂಟೆಗಳ ಬಳಿಕ ಮಿಥುನ ಸಂಕ್ರಮಣವಾಗುವುದರಿಂದ, ಆ ತಿಂಗಳು ಅಧಿಕ ಜ್ಯೇಷ್ಠವಾಗಿ ನಿಜ ಜ್ಯೇಷ್ಠ ಅದರ ಹಿಂದೆ ಬರುತ್ತದೆ. ಯಾವ ಸಂಕ್ರಾಂತಿಯೂ ಒಲ್ಲದ ಈ ತಿಂಗಳನ್ನು ಮಲಮಾಸವೆಂದು ಎಲ್ಲರೂ ಹಳಿದಾಗ ವಿಷ್ಣು ಅದಕ್ಕೆ ಪುರುಷೋತ್ತಮನೆಂಬ ತನ್ನ ಹೆಸರನ್ನೇ ಕೊಟ್ಟನೆಂಬುದು ಪುರಾಣದ ಕಥೆ. ಮದುವೆ ಮುಂಜಿಗಳಿಗೆ ನಿಷಿದ್ಧವಾದ ಅದೇ ಮಾಸ ಜಪ, ದಾನಗಳಿಗೆ ಶ್ರೇಷ್ಠ. 33 ಅಪೂಪಗಳ ದಾನವೂ, ಉತ್ತರ ಕರ್ನಾಟಕದಲ್ಲಿ ಮಗಳು-ಅಳಿಯನನ್ನು ಕರೆದು ಸತ್ಕರಿಸುವ ರೂಢಿಯೂ ಆಗ ನಡೆಯುತ್ತವೆ. ಲೆಕ್ಕದ ಕೊರತೆಯನ್ನು ಮುಚ್ಚಿಡದೆ ಎದುರಿಗಿಟ್ಟು, ಅದನ್ನು ಕೊಡುವುದಕ್ಕೆ ಮೀಸಲಾದ ಕಾಲವನ್ನಾಗಿ ಮಾಡಿಕೊಂಡದ್ದು ಈ ಪಂಚಾಂಗ ಪರಂಪರೆಯ ಅತ್ಯುತ್ತಮ ಧಾರ್ಮಿಕ ಕಲ್ಪನೆಯೆಂದರೆ ಉತ್ಪ್ರೇಕ್ಷೆಯಲ್ಲ.

ಇತ್ತೀಚಿನ ದಶಕಗಳಲ್ಲಿ ಕುಗ್ಗಿರುವುದು ಸಂಹಿತೆಯ ಆ ಸಮೂಹದ ದೃಷ್ಟಿಯೇ. ಪತ್ರಿಕೆಗಳಲ್ಲಿಯೂ ದೂರದರ್ಶನ ವಾಹಿನಿಗಳಲ್ಲಿಯೂ ವರ್ಷಫಲವೆಂದರೆ ಹನ್ನೆರಡು ರಾಶಿಗಳಿಗೆ ಹಂಚಿದ ಉದ್ಯೋಗ, ಹಣ, ವಿವಾಹಗಳ ಮಾತು. ಆದಾಯ-ವ್ಯಯ, ರಾಜಪೂಜ್ಯ-ಅವಮಾನಗಳ ಕೋಷ್ಟಕವನ್ನು ಬೆರಳಿಟ್ಟು ನೋಡುವವರಲ್ಲಿ ಮೇಘಾಧಿಪತಿ ಯಾರೆಂದು ಕೇಳುವವರು ವಿರಳ. ದೇಶದ ಜನರನ್ನೆಲ್ಲ ಹನ್ನೆರಡು ಗುಂಪು ಮಾಡಿ, ಮೀನದ ಶನಿಯಿಂದ ಕುಂಭ, ಮೀನ, ಮೇಷ ರಾಶಿಗಳ ಕೋಟಿ ಕೋಟಿ ಜನರಿಗೆ ಸಾಡೇಸಾತಿಯ ಒಂದೇ ಬಗೆಯ ಕಷ್ಟವನ್ನು ಹೇಳುವುದು ಹೋರಾಶಾಸ್ತ್ರಕ್ಕೂ ನ್ಯಾಯವಲ್ಲ, ಏಕೆಂದರೆ ಆ ಶಾಸ್ತ್ರವೇ ಲಗ್ನ, ದಶೆ, ಭಾವಗಳನ್ನು ನೋಡದೆ ಫಲ ಹೇಳುವುದನ್ನು ಒಪ್ಪುವುದಿಲ್ಲ. ಸಂಹಿತೆಯ ಸಾಮೂಹಿಕತೆಯೂ ಹೋರೆಯ ಸೂಕ್ಷ್ಮತೆಯೂ ಎರಡೂ ಇಲ್ಲದ ಈ ಮೂರನೆಯ ಬಗೆ, ಭಯವನ್ನು ಮಾರುವ ವ್ಯಾಪಾರಕ್ಕೆ ಬಲು ಅನುಕೂಲವಾಗಿದೆ.

ಪಂಚಾಂಗಕರ್ತರು ಮಾಡಬಹುದಾದ ಒಂದು ಉಪಕಾರವಿದೆ. ತಿಥಿ, ಸಂಕ್ರಮಣ, ಗ್ರಹಣ, ಅಧಿಕ ಮಾಸಗಳಂಥ ಗಣಿತಸಿದ್ಧ ಭಾಗವನ್ನು ಒಂದು ಕಡೆ, ಯಾವ ಸಿದ್ಧಾಂತದಿಂದ, ಯಾವ ಅಯನಾಂಶದಿಂದ ಲೆಕ್ಕ ಹಾಕಲಾಗಿದೆ ಎಂಬ ವಿವರದೊಡನೆ ಮುದ್ರಿಸಿ, ಸಂವತ್ಸರ ಮತ್ತು ನಾಯಕರ ಫಲಶ್ಲೋಕಗಳನ್ನು ಪರಂಪರೆಯಿಂದ ಬಂದ ಪಾಠವೆಂದು ಸ್ಪಷ್ಟವಾಗಿ ಹೆಸರಿಸಿ ಬೇರೆ ಭಾಗದಲ್ಲಿ ಕೊಡಲಿ. ಯುಗಾದಿಯ ಶ್ರವಣವನ್ನು ನಡೆಸುವ ದೇವಾಲಯಗಳು ರಾಶಿಗಳ ಆದಾಯ-ವ್ಯಯವನ್ನು ಓದುವ ಮುನ್ನ ಊರಿನ ಕೆರೆ, ಬಿತ್ತನೆ, ಮಳೆಗಳ ಮಾತನ್ನು ಎತ್ತಲಿ. ಸಂಹಿತಾ ಸ್ಕಂಧ ಬಯಸುವುದು ಅದನ್ನೇ.